ಫೋಟೋದ ಅಂಚಿಗೆ ಬಳಿದ ಕತ್ತಲು

ನನಗೊಂದು ಕೆಟ್ಟ ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಕಣ್ಣು ಯಾವಾಗಲೂ ಅಂಚಿಗೇ ಹೋಗುತ್ತದೆ. ಯಾರದಾದರೂ ಮನೆಗೆ ಹೋದರೆ ಉಳಿದವರೆಲ್ಲ ಅವರ ಹೊಸ ಟಿ.ವಿ.ಯನ್ನು ಹೊಗಳುತ್ತಿರುತ್ತಾರೆ, ನಾನು ಅದರ ಹಿಂದಿನ ಮೂಲೆಯಲ್ಲಿ ಜೋತಾಡುವ ಜೇಡರ ಬಲೆಯನ್ನು ನೋಡುತ್ತಿರುತ್ತೇನೆ. ರೊಟ್ಟಿ ಬಡಿದರೆ ಉಬ್ಬಿತೋ ಇಲ್ಲವೋ ಎನ್ನುವುದಕ್ಕಿಂತ ಅಂಚು ಸೀಳಿತೇ ಎಂಬುದೇ ನನಗೆ ಚಿಂತೆ. ಇದಕ್ಕೆಲ್ಲ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್ ಕಾರಣ. ಕರವಸ್ತ್ರದ ನಡುವೆ ನಾನು ಎಷ್ಟೇ ಚೆಂದದ ಗುಲಾಬಿ ಹಾಕಿದರೂ ಅವರು ಅದರತ್ತ ಕಣ್ಣು ಹಾಯಿಸುತ್ತಿರಲಿಲ್ಲ. ಕರವಸ್ತ್ರವನ್ನು ತಿರುವಿಹಾಕಿ, ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿ, "ಹೂವನ್ನು ದೇವರು ನೋಡುತ್ತಾನೆ, ಅಂಚನ್ನು ನಾನು ನೋಡುತ್ತೇನೆ" ಎನ್ನುತ್ತಿದ್ದರು. ಮದುವೆಯಾಗಿ ನವಲಗುಂದಕ್ಕೆ ಬಂದು ಇಪ್ಪತ್ತೇಳು ವರ್ಷವಾಯಿತು, ಆ ಬೆರಳು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಬೀಜ, ಗೊಬ್ಬರದ ಅಂಗಡಿ ನಡೆಸುವ ನಮ್ಮ ಯಜಮಾನರು ಅಪರೂಪಕ್ಕೆ ಮಾತಾಡುವವರು, ಅವರೂ ಒಮ್ಮೆ ಹೇಳಿದ್ದರು: "ನಿಮ್ಮ ಸಿಸ್ಟರ್ ನಿನಗೊಂದು ಚಾಳೀಸ ಕೊಟ್ಟ ಕಳಿಸ್ಯಾರ ನೋಡ. ಅದರಾಗ ಬರೇ ಬಾಜೂಕ ಇದ್ದದ್ದಷ್ಟ ಕಾಣತೈತಿ."

ನಮ್ಮ ಮಗಳು ಸವಿತಾಳನ್ನು ಕುಂದಗೋಳಕ್ಕೆ ಕೊಟ್ಟಿದ್ದೇವೆ. ಏಳನೇ ತಿಂಗಳಲ್ಲಿ ಆಕೆಯ ಕುಬಸ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ ಬೀಗರ ಮನೆಯಲ್ಲಿ. ನಾವು ಹಿಂದಿನ ದಿನವೇ ಶೇಂಗಾ ಹೋಳಿಗೆ, ಕರ್ಚಿಕಾಯಿಗಳ ಬುಟ್ಟಿ ಹೊತ್ತುಕೊಂಡು ಹೋಗಿ ಅಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಸ್ನಾನ ಮಾಡಿದವಳು, ನನ್ನ ಮೈಲಿಗೆ ಬಟ್ಟೆಯನ್ನು ಬೀಗರ ಮನೆಯವರಿಂದ ಒಗೆಸುವುದೇ ಎಂದು ಲಂಗವೊಂದನ್ನು ನಾನೇ ಒಗೆದು ಹಿತ್ತಲ ತಂತಿಯ ಮೇಲೆ ಹಾಕಿದೆ. ಸೀರೆಯೊಳಗಿದ್ದರೆ ಯಾರಿಗೆ ಕಾಣಬೇಕು ಎಂದು ಸಂತೆಯಲ್ಲಿ ಕೊಂಡ ಲಂಗ ಅದು, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದು. ಹಾಕಿದೆ, ಮರೆತೆ.

ಉಡಿ ತುಂಬಿದ್ದಾಯಿತು. ಒಳಗೆ ಬೆಳಕು ಸಾಲದೆಂದು ಅಳಿಯ ಫೋಟೋ ತೆಗೆಯಲು ಎಲ್ಲರನ್ನೂ ಹಿತ್ತಲ ಬೇವಿನ ಮರದ ಕೆಳಗೆ ಕರೆದ. ಸವಿತಾಳನ್ನು ಕುರ್ಚಿಯ ಮೇಲೆ ಕೂಡಿಸಿದ್ದಾಯಿತು. ಅವಳ ಹಿಂದೆ ನಡುವಿನಲ್ಲಿ ಯಾರು ನಿಲ್ಲಬೇಕು? ನಮ್ಮ ಕಡೆ ಈ ಪ್ರಶ್ನೆ ಬಗೆಹರಿಯದೆ ಯಾವ ಫೋಟೋವೂ ಹುಟ್ಟುವುದಿಲ್ಲ. ನಮ್ಮ ಬೀಗಿತ್ತಿ ನೀಲವ್ವನವರು ಶುರುಮಾಡಿದರು: "ನೀವ ನಡುವ ಬರ್ರಿ ಅಕ್ಕಾರ, ಹೆತ್ತಾಕಿ ನೀವು."

"ಛೇ ಛೇ, ಮನಿ ಯಜಮಾನತಿ ನೀವದೀರಿ. ನೀವ ನಿಂದರ್ರಿ."

"ನಂದೇನೈತ್ರಿ, ದಿನಾ ಆಕಿ ಬಾಜೂಕ ಇರಾಕಿ ನಾನು. ಬರ್ರಿ ಅಂದ್ರ ಬರ್ರಿ!"

ಅವರು ನನ್ನ ರಟ್ಟೆ ಹಿಡಿದೆಳೆದರು, ನಾನು ಅವರ ಕೈ ಹಿಡಿದೆಳೆದೆ. ಎರಡು ಎಮ್ಮೆ ಹಿಂಡುವ ಕೈ ಅದು, ನನ್ನದು ಸೂಜಿ ಹಿಡಿದ ಕೈ. ಕೊನೆಗೆ ಅಳಿಯ, "ಸಾಕ ಬಿಡಬೇ ಅವ್ವಾ, ಕುಂತಾಕಿ ಕಾಲು ಜೋಮ ಹಿಡದಾವ" ಎಂದು ಕೂಗಿಕೊಂಡ. ಮರ್ಯಾದೆಯ ಈ ಕುಸ್ತಿಯಲ್ಲಿ ಸೋತವರು ನಡುವೆ ನಿಲ್ಲಬೇಕು, ಗೆದ್ದವರು ಅಂಚಿಗೆ. ನಾನು ಸೋತೆ. ನೀಲವ್ವನವರು ಗೆದ್ದು, ಆ ದಿನಕ್ಕೆಂದೇ ತಂದ ಗಿಳಿಹಸಿರು ಇಳಕಲ್ ಸೀರೆಯ ಸೆರಗು ಸರಿಪಡಿಸಿಕೊಂಡು ಬಲಗಡೆಯ ತುದಿಯಲ್ಲಿ ನಿಂತರು. ನಾನು ಕೊನೆಯದಾಗಿ ಒಮ್ಮೆ ಅವರನ್ನು ಕರೆಯುತ್ತಿದ್ದಂತೆಯೇ ಅಳಿಯ ಫೋಟೋ ಹೊಡೆದ.

ಸವಿತಾ ಅಲ್ಲೇ ಉಳಿದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಅಮಾವಾಸ್ಯೆ ದಾಟಿದ ಮೊದಲ ಸೋಮವಾರ ಕಳಿಸುತ್ತೇವೆ ಎಂದು ನೀಲವ್ವನವರು ಮಾತು ಕೊಟ್ಟಿದ್ದರು. ನಾನು ಊರಿಗೆ ಬಂದವಳೇ ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದೆ, ಮಲಗುವ ಹೊರಸಿಗೆ ಹೊಸ ನವಾರದ ಪಟ್ಟಿ ನೇಯಿಸಿದೆ, ಅಂಟಿನುಂಡಿಗೆ ಅಂಟು, ಉತ್ತತ್ತಿ ಕಟ್ಟಿಸಿ ತಂದಿಟ್ಟೆ. ಅಷ್ಟರಲ್ಲಿ ಅಳಿಯ ಕಳಿಸಿದ ಫೋಟೋ ಬಂತು. ತೆರೆದೆ. ನನ್ನ ಕಣ್ಣು ಎಲ್ಲಿಗೆ ಹೋಯಿತೆಂದು ನೀವು ಊಹಿಸಬಲ್ಲಿರಿ. ಬಲ ಅಂಚಿನಲ್ಲಿ, ನೀಲವ್ವನವರ ಭುಜದ ಹಿಂದೆ, ಉದಯಿಸುವ ಸೂರ್ಯನಂತೆ ನನ್ನ ಲಂಗ! ಲಾಡಿ ಬೇರೆ ಜೋತುಬಿದ್ದಿತ್ತು. ಈ ಫೋಟೋವನ್ನು ಎರಡೂ ಕಡೆಯ ಬಳಗಕ್ಕೆ ಹಂಚುವ ಜವಾಬ್ದಾರಿ ನನ್ನದು, ಏಕೆಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ತಪ್ಪಿಲ್ಲದೆ ಬರೆಯುವವಳು ನಾನೊಬ್ಬಳೇ ಎಂದು ಹೆಸರು.

ಕತ್ತರಿಸಿ ಹಾಕೋಣವೆಂದರೆ ಲಂಗದ ಜೊತೆ ಬೀಗಿತ್ತಿಯೂ ಹೋಗುತ್ತಾರೆ. ಮೊಬೈಲಿನಲ್ಲಿ ಹುಡುಕಿದಾಗ ಒಂದು ಉಚಿತ ಜಾಲತಾಣ ಸಿಕ್ಕಿತು. ಫೋಟೋದ ನಡುವೆ ದುಂಡಗೆ ಬೆಳಕು ಉಳಿಸಿ ಸುತ್ತಲಿನ ಅಂಚನ್ನು ಮೆಲ್ಲಗೆ ಕಪ್ಪು ಮಾಡಿಕೊಡುತ್ತದಂತೆ, ಅದಕ್ಕೆ ವಿನ್ಯೆಟ್ ಎಂದು ಹೆಸರು. ಅಂಚು ಮುಚ್ಚುವುದಕ್ಕೇ ಒಂದು ಯಂತ್ರ! ನಮ್ಮ ಸಿಸ್ಟರ್ ನೋಡಿದ್ದರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಅಲ್ಲಿ ಇದ್ದದ್ದು ಒಂದು ಗೆರೆ, ಗೆರೆಯ ಮೇಲೊಂದು ಗುಂಡಿ, ಗುಂಡಿ ಎಷ್ಟು ಸರಿಯಿತೆಂದು ತೋರಿಸುವ ಅಂಕಿ. ಬಲಕ್ಕೆ ಎಳೆದರೆ ಅಂಚು ಕಪ್ಪು, ಎಡಕ್ಕೆ ಎಳೆದರೆ ಬಿಳುಪು, ಅಷ್ಟೇ. ಗುಂಡಿ ಮುಟ್ಟಲು ಹೋದಾಗಲೆಲ್ಲ ಹೊಟ್ಟೆ ಕರಗಿಸುವ ಪಟ್ಟಿಯ ಜಾಹೀರಾತು ಅಡ್ಡ ಬಂದು ನನ್ನನ್ನು ಕೆಣಕುತ್ತಿತ್ತು. ಹತ್ತಕ್ಕೆ ಎಳೆದೆ, ಲಂಗ ಜಗ್ಗಲಿಲ್ಲ. ಮೂವತ್ತಕ್ಕೆ ಹುಣಸೆಹಣ್ಣಿನ ಬಣ್ಣಕ್ಕೆ ಬಂತು. ಅರವತ್ತಕ್ಕೆ ಬರೀ ಲಾಡಿ ಉಳಿಯಿತು. ಹಟ ಹಿಡಿದು ಎಂಬತ್ತೈದಕ್ಕೆ ಎಳೆದೆ. ಹೋಯಿತು! ಆ ಹುರುಪಿನಲ್ಲಿ ಗುಂಪಿಗೆ ಹಾಕಿಯೇಬಿಟ್ಟೆ. ನಮ್ಮ ನಾದಿನಿ, "ಅಗದಿ ಸ್ಟುಡಿಯೋದಾಗ ತಗಸಿದಂಗ ಐತಿ ವೈನಿ" ಎಂದು ಬರೆದಳು. ನಾನು ಬೀಗಿ, ಎರಡು ಕಪ್ ಚಹಾ ಕುಡಿದೆ.

ಮಧ್ಯಾಹ್ನ ಸವಿತಾಳ ಫೋನು. "ಏನ ಮಾಡಿ ಇಟ್ಟೀ ಮಮ್ಮಿ? ಅತ್ತಿ ಮುಂಜಾನಿಂದ ಮಾತಾಡವಲ್ರು. ಫೋಟೋದಾಗ ಅವರ ಎಲ್ಲಿ ಅದಾರ? ಸೀರಿ ನೋಡಿದ್ರ ಕಾಡಿಗಿ ಆಗೇತಿ, ಮಾರಿ ನೋಡಿದ್ರ ಬರೇ ಮೂಗುತಿ ಮಿಂಚಾಕತ್ತೇತಿ!"

ಆಗ ನೋಡಿದೆ. ಹೌದು, ನಾನು ಗುಂಡಿ ಎಳೆಯುತ್ತ ನೋಡಿದ್ದು ಲಂಗವನ್ನು ಮಾತ್ರ. ಅದರ ಮುಂದೆ ಮನುಷ್ಯರೊಬ್ಬರು ಮುಳುಗುತ್ತಿರುವುದು ಕಣ್ಣಿಗೆ ಬಿದ್ದಿರಲಿಲ್ಲ. ಮರ್ಯಾದೆಗೆ ತಾವಾಗಿ ಅಂಚಿಗೆ ಸರಿದವರನ್ನು ನಾನು ಕತ್ತಲಿಗೆ ನೂಕಿದ್ದೆ. ತಕ್ಷಣ ಫೋನು ಮಾಡಿದೆ. ನೀಲವ್ವನವರ ದನಿ ಮಜ್ಜಿಗೆಯಷ್ಟು ತಣ್ಣಗಿತ್ತು.

"ನಾವೇನ್ರಿ ಅಕ್ಕಾರ, ಬಾಜೂಕ ನಿಂತ ಮಂದಿ. ಬೆಳಕೆಲ್ಲಾ ನಿಮಗಿರ್ಲಿ."

"ಹಂಗಲ್ರಿ, ಅದು ಮಶೀನ ಮಾಡಿದ್ದು... ಸೋಮವಾರ ಬರತೇವಿ, ಸವಿತಾನ್ನ..."

"ನೋಡೂಣ್ರಿ. ಕತ್ತಲಾಗ ಇದ್ದೋರಿಗೆ ವಾರ, ತಿಥಿ ಎಲ್ಲಿ ಕಾಣತಾವ?"

ಫೋನಿಟ್ಟರು. ನನಗೆ ಅಳುವಂತಾಯಿತು. ಹೊಸ ನವಾರದ ಹೊರಸು ಖಾಲಿ ಉಳಿಯುತ್ತದೆ, ನನ್ನ ಮಗಳ ಚೊಚ್ಚಲ ಬಾಣಂತನ ನನ್ನ ಕೈ ತಪ್ಪುತ್ತದೆ, ಅದೂ ಸಂತೆಯಲ್ಲಿ ಕೊಂಡ ಒಂದು ಲಂಗದ ದೆಸೆಯಿಂದ. ಸತ್ಯ ಹೇಳಿಬಿಡಬಹುದಿತ್ತು. ಆದರೆ ಬೀಗಿತ್ತಿಯ ಮುಂದೆ "ನನ್ನ ಲಂಗ" ಎಂಬ ಎರಡು ಶಬ್ದ ಬಾಯಿಂದ ಹೊರಡಲು ಕಾನ್ವೆಂಟು ಬಿಡಬೇಕಲ್ಲ! ಬದಲಿಗೆ, ಕಪ್ಪು ಮಾಡಿದ ಯಂತ್ರವೇ ಬೆಳಕು ಮಾಡಲಿ ಎಂದು ಅದೇ ಜಾಲತಾಣಕ್ಕೆ ಹೋಗಿ ಗುಂಡಿಯನ್ನು ಎಡಕ್ಕೆ ಎಳೆದೆ. ಈ ಸಲ ನೀಲವ್ವನವರು ಬಿಳಿ ಮಂಜಿನಲ್ಲಿ ತೇಲುತ್ತ, ಮುಗುಳ್ನಗುತ್ತ ಕಾಣಿಸಿಕೊಂಡರು. ಲಂಗವೂ ಇರಲಿಲ್ಲ. ಖುಷಿಯಿಂದ ಯಜಮಾನರಿಗೆ ತೋರಿಸಿದೆ. ಅವರು ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು, ಹೇಳಿದರು: "ಇದನ್ನ ಕಳಿಸೀ ಅಂದ್ರ ಮುಗೀತ ನೋಡ. ಮದಲ ಕತ್ತಲಾಗ ನಿಂದ್ರಿಸಿದ್ದಿ, ಈಗ ಸೀದಾ ಶಿವನ ಪಾದಕ್ಕ ಕಳಿಸಾಕತ್ತೀ. ಕೆಳಗ 'ಲಿಂಗೈಕ್ಯ' ಅಂತ ಬರಿಯೂದೊಂದ ಉಳದೈತಿ."

ಸೋಮವಾರ ಕರೆಯದಿದ್ದರೂ ಹೊರಟೆವು. ಗಾಡಿಯಲ್ಲಿ ಯಜಮಾನರು ಹೇಳಿದ್ದು ಒಂದೇ ಮಾತು: "ಖರೇ ಹೇಳಿಬಿಡ. ಲಂಗ ಯಾರ ಮನ್ಯಾಗ ಇರೂದಿಲ್ಲ?" ಪಡಸಾಲೆಗೆ ಕಾಲಿಟ್ಟರೆ ಎದುರಿನ ಗೋಡೆಯ ಮೇಲೆ ಒಂದೂವರೆ ಮೊಳದ ಕಟ್ಟು ಹಾಕಿದ ಅದೇ ಫೋಟೋ! ಅಳಿಯನ ಮೊಬೈಲಿನ ಮೂಲ ಪ್ರತಿ, ಕತ್ತಲಿಲ್ಲದ್ದು. ನೀಲವ್ವನವರ ಗಿಳಿಹಸಿರು ಸೀರೆ ಪಡಸಾಲೆಗೆಲ್ಲ ಹೊಳಪು ಕೊಡುತ್ತಿತ್ತು. ಅವರ ಭುಜದ ಹಿಂದೆ, ಒಂದು ಗೇಣು ಉದ್ದಕ್ಕೆ ಬೆಳೆದು ನಿಂತ ನನ್ನ ಲಂಗ. ನೀಲವ್ವನವರು ನೀರಿನ ತಂಬಿಗೆ ಇಟ್ಟು ಮುಖ ತಿರುಗಿಸಿಕೊಂಡರು. ಬಾಗಿಲಲ್ಲಿ ಸವಿತಾ ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದೆ: "ತಪ್ಪ ನಂದ್ರಿ ಬೀಗಿತ್ತ್ಯಾರ. ನಿಮ್ಮನ್ನ ಕಪ್ಪ ಮಾಡಬೇಕಂತ ಮಾಡಲಿಲ್ರಿ. ಆ ಲಂಗ ಮುಚ್ಚಾಕ ಹೋಗಿದ್ದೆ."

"ಯಾವ ಲಂಗರಿ?"

ಇಷ್ಟು ದಿನ ಗೋಡೆಯ ಮೇಲಿದ್ದರೂ ಅದು ಲಂಗವೆಂದು ಯಾರಿಗೂ ಹೊಳೆದಿರಲಿಲ್ಲ! ನಾನೇ ಎದ್ದು ಹೋಗಿ ಬೆರಳಿಟ್ಟು ತೋರಿಸಿದೆ. ನೀಲವ್ವನವರು ಚಾಳೀಸು ಏರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಅಯ್ಯ ಶಿವನ! ಇದು ನಿಮ್ಮದೇನ್ರಿ? ನಾ ನಮ್ಮ ಬಾಗಲ ಪರದೆ ಅನಕೊಂಡಿದ್ದೆ!" ಎಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಕುಳಿತು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ಇರ್ಲಿ ಬಿಡ್ರಿ ಅಕ್ಕಾರ. ಅದೂ ಪಾಪ ನಿಮ್ಮ ಜೋಡಿ ಕುಬಸಕ್ಕ ಬಂದಿತ್ತಲ್ಲ!" ಆಮೇಲೆ ಒಳಗೆ ತಿರುಗಿ, "ಸವಿತಾ, ಬ್ಯಾಗ ತಗೊಂಡ ಬಾ ಯವ್ವಾ, ನಿಮ್ಮವ್ವ ಬಂದಾಳ" ಎಂದು ಕೂಗಿದರು.

ನನ್ನ ಎದೆ ಹಗುರಾಯಿತು. ಆದರೆ ನೀಲವ್ವನವರು ಇನ್ನೂ ಫೋಟೋ ನೋಡುತ್ತ ನಗುತ್ತಲೇ ಇದ್ದರು. "ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬಾಜೂಕ ಇಷ್ಟ ಕಾಳಜಿ ಮಾಡಿದೋರು ನಡುವ ಒಂದೀಟ ನೋಡಬಾರದೇನ್ರಿ?"

ನೋಡಿದೆ. ಸವಿತಾಳ ಹಿಂದೆ, ಸರಿಯಾಗಿ ನಟ್ಟನಡುವೆ, ನಾನು. ಕಣ್ಣು ಪೂರ್ತಿ ಮುಚ್ಚಿವೆ. "ನೀವ ನಿಂದರ್ರಿ" ಎನ್ನುವ ಕೊನೆಯ ಹಟದಲ್ಲಿ ಬಾಯಿ ಬಾವಿಯಷ್ಟು ತೆರೆದಿದೆ, ಒಳಗಿನ ಬೆಳ್ಳಿ ತುಂಬಿದ ದವಡೆ ಹಲ್ಲು ಸಮೇತ. ಆ ಬಾಯಿಯ ಸುತ್ತ ಕತ್ತಲು ಬಳಿದು, ಬಾಯಿಯ ಮೇಲಷ್ಟೇ ದುಂಡಗೆ ಬೆಳಕು ಬಿಟ್ಟು, ಎರಡೂ ಊರಿನ ಬಳಗಕ್ಕೆ ನನ್ನ ಕೈಯಾರೆ ಹಂಚಿದವಳು ನಾನೇ.

ಸವಿತಾ ಈಗ ಹೊಸ ನವಾರದ ಮೇಲೆ ಆರಾಮವಾಗಿ ಮಲಗಿದ್ದಾಳೆ. ಪಕ್ಕದಲ್ಲಿ ಕೂತು ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದೇನೆ, ಅಂಚನ್ನು ಹಾಗೆಯೇ ಬಿಟ್ಟು ನಡುವನ್ನು ಮಾತ್ರ ಕಪ್ಪು ಮಾಡುವ ಜಾಲತಾಣ ಯಾವುದಾದರೂ ಇದೆಯೇ ಎಂದು.