ವಾಲ್ಮೊರಿಯ ಮೂರು ಹಸಿರು ಬಾತುಗಳು

ಆನ್ಸೆಲ್ಮನ ಬದುಕು ಕೆಟ್ಟದ್ದು ಒಂದು ಹುಳದಿಂದ. ಕಿರುಬೆರಳಿನಷ್ಟೂ ಉದ್ದವಿಲ್ಲದ ಹಸಿರು ಹುಳ. ಏಪ್ರಿಲ್ ತಿಂಗಳಲ್ಲಿ ಅದು ವಾಲ್ಮೊರಿ ಅರಮನೆಯ ತೋಟಕ್ಕೆ ಬಂದು ಬಾಕ್ಸ್‌ವುಡ್ ಎಂಬ ಅಲಂಕಾರದ ಗಿಡದ ಒಂದೆಲೆ ಕಡಿದು ರುಚಿ ನೋಡಿತು. ತೋಟಗಾರನಾದ ಆನ್ಸೆಲ್ಮ್ ಅದನ್ನು ಕಣ್ಣಾರೆ ಕಂಡ. ಅಲ್ಲೇ ಹಿಸುಕಿ ಹಾಕಿದ್ದರೆ ಅವನಿಗೂ ಒಳ್ಳೆಯದಿತ್ತು, ಗಿಡಕ್ಕೂ ಒಳ್ಳೆಯದಿತ್ತು. ಆದರೆ ಅವತ್ತು ನದಿಯಲ್ಲಿ ಮೀನು ಚೆನ್ನಾಗಿ ಕಚ್ಚುತ್ತಿತ್ತು. ನಾಳೆ ನೋಡಿದರಾಯಿತು ಎಂದು ಗಾಳ ಹೆಗಲಿಗೇರಿಸಿಕೊಂಡು ಹೋದ.

ಆ ನಾಳೆ ಬರುವಷ್ಟರಲ್ಲಿ ಸೆಪ್ಟೆಂಬರ್ ಬಂತು. ವಾಲ್ಮೊರಿಯ ತೋಟದ ಹೆಮ್ಮೆಯೆಂದರೆ ಮೂರು ಬಾತುಗಳು. ಬಾಕ್ಸ್‌ವುಡ್ಡನ್ನು ಕತ್ತರಿಸಿ ಕತ್ತರಿಸಿ ಮಾಡಿದ, ಆಳೆತ್ತರದ, ಕಿರೀಟ ತೊಟ್ಟ ಬಾತುಗಳು. ಈ ಮನೆತನದ ಮೂಲಪುರುಷ ಯಾವುದೋ ರಾಜನ ಅಡುಗೆಮನೆಗೆ ಬಾತು ಸರಬರಾಜು ಮಾಡಿ ಕೌಂಟ್ ಪದವಿ ಗಿಟ್ಟಿಸಿಕೊಂಡವನು. ಯುದ್ಧದಲ್ಲಿ ಗೆದ್ದವರ ವಂಶಗಳೆಲ್ಲ ಅಳಿದುಹೋದವು, ಬಾತು ಮಾರಿದವನ ವಂಶ ಉಳಿಯಿತು. ಈಗ ಆ ಮೂರೂ ಬಾತುಗಳು, ಹುಳ ಮೇದು ಅಳಿದುಳಿದ ಎಲೆಯೂ ಒಣಗಿ ಕಂದಾಗಿ, ತಲೆಕೆಳಗಾಗಿ ನಿಲ್ಲಿಸಿದ ಪೊರಕೆಗಳ ಹಾಗೆ ನಿಂತಿದ್ದವು.

ಅರಮನೆಯ ಒಡತಿ ಕೌಂಟೆಸ್ ಪ್ಯಾರಿಸಿನಿಂದ ತಿಂಗಳಿಗೊಮ್ಮೆ ಫೋನು ಮಾಡಿ "ಬಾತುಗಳು ಹೇಗಿವೆ?" ಎಂದು ಕೇಳುತ್ತಿದ್ದಳು. "ಮೈ ತುಂಬಿಕೊಂಡಿವೆ ಮದಾಮ್" ಎಂದು ಆನ್ಸೆಲ್ಮ್ ಹೇಳುತ್ತಿದ್ದ. ಅವನು ಆಲಸಿ ನಿಜ, ಆದರೆ ಸುಳ್ಳು ಹೇಳುವುದರಲ್ಲಿ ಮಾತ್ರ ಎಂದೂ ಆಲಸ್ಯ ಮಾಡಿದವನಲ್ಲ.

ಸೆಪ್ಟೆಂಬರಿನ ಮೂರನೆಯ ಭಾನುವಾರ ಬಂತೆಂದರೆ ನಮ್ಮ ದೇಶದ ಅರಮನೆಗಳೆಲ್ಲ ಬಾಗಿಲು ತೆರೆಯುತ್ತವೆ. ತಮ್ಮ ಬೀದಿಯ ಕೊನೆಯಲ್ಲಿರುವ ಅರಮನೆಯನ್ನು ವರ್ಷವಿಡೀ ತಿರುಗಿಯೂ ನೋಡದ ಜನ ಅವತ್ತು ಅರವತ್ತು ಕಿಲೋಮೀಟರ್ ಕಾರು ಓಡಿಸಿ ಇನ್ನೊಬ್ಬರ ಬೀದಿಯ ಅರಮನೆಗೆ ಹೋಗಿ ಬಾಯಿ ತೆರೆದು ನಿಲ್ಲುತ್ತಾರೆ. ಈ ಸಲ ಅದೇ ದಿನ ಮಧ್ಯಾಹ್ನ ಮೂರಕ್ಕೆ ಉದ್ಯಾನ ಸಮಿತಿಯೂ ಬರುವುದಿತ್ತು. ಗೇಟಿನ ಮೇಲಿರುವ "ಅಪೂರ್ವ ಉದ್ಯಾನ" ಎಂಬ ಹಿತ್ತಾಳೆ ಫಲಕವನ್ನು ಉಳಿಸಬೇಕೋ ಕಿತ್ತೊಯ್ಯಬೇಕೋ ಎಂದು ತೀರ್ಮಾನಿಸುವವರು ಅವರೇ.

ಶನಿವಾರ ಕೌಂಟೆಸಳ ಫೋನು ಬಂತು. "ನೋಡು ಆನ್ಸೆಲ್ಮ್, ಫಲಕ ಹೋದರೆ ನೀನೂ ಹೋದೆ. ನಿನ್ನ ತೋಟದ ಮನೆಗೆ ಪ್ಯಾರಿಸಿನವರು ಬಾಡಿಗೆಗೆ ಬರೋಕೆ ತುದಿಗಾಲಲ್ಲಿ ನಿಂತಿದ್ದಾರೆ. ನೀನು ನಿನ್ನ ತಂಗಿ ಮನೆಗೆ ಹೋಗಿರಬಹುದು."

ಹದಿನೆಂಟು ವರ್ಷದಿಂದ ಆನ್ಸೆಲ್ಮ್ ಆ ಮನೆಯಲ್ಲಿದ್ದ. ತಂಗಿಯ ಮನೆಯಲ್ಲಿ ತಂಗಿಯಿದ್ದಳು, ಅವಳ ಗಂಡನಿದ್ದ, ಗಂಡ ನುಡಿಸಲು ಕಲಿಯುತ್ತಿದ್ದ ಅಕಾರ್ಡಿಯನ್ ಇತ್ತು. ಅಲ್ಲಿ ಬದುಕುವುದಕ್ಕಿಂತ ನದಿಯ ಮೀನುಗಳ ಜೊತೆ ಬದುಕುವುದೇ ಲೇಸು ಎನಿಸಿತು ಅವನಿಗೆ.

ಅರಮನೆಯ ಗೋಡೆಯಾಚೆ ಟ್ರ್ಯಾಕ್ಟರ್ ರಿಪೇರಿ ಮಾಡುವ ಫಿರ್ಮಿನ್ ಇದ್ದ. ಆನ್ಸೆಲ್ಮ್ ಅವನ ಹತ್ತಿರ ಹೋಗಿ ಗೋಳು ತೋಡಿಕೊಂಡ.

"ಅಯ್ಯೋ ಮಾರಾಯ, ಅಷ್ಟಕ್ಕೆ ಇಷ್ಟು ಅಳ್ತೀಯಾ?" ಎಂದ ಫಿರ್ಮಿನ್. "ಟ್ರ್ಯಾಕ್ಟರಿಗೆ ಹೊಡೆದು ಉಳಿದ ಹಸಿರು ಬಣ್ಣ ನಾಲ್ಕು ಡಬ್ಬ ಇದೆ. ತೊಗೊಂಡು ಹೋಗಿ ಹೊಡಿ. ದೂರದಿಂದ ಯಾವನಿಗೆ ಗೊತ್ತಾಗುತ್ತೆ?"

"ಒಣಗೋಕೆ ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ. ಹೆಚ್ಚಂದ್ರೆ."

ಭಾನುವಾರ ನಸುಕಿನಲ್ಲೇ ಫಿರ್ಮಿನ್ ಬಣ್ಣ ಹೊಡೆಯುವ ಯಂತ್ರವನ್ನು ತಂದು ಬಾತುಗಳ ಕಾಲಬುಡದಲ್ಲಿ ಇಟ್ಟ, ಗುಂಡಿ ಎಲ್ಲಿದೆ ಎಂದು ತೋರಿಸಿದ, ಆಕಳಿಸಿದ, ಮನೆಗೆ ಹೋಗಿ ಮಲಗಿದ. ಆನ್ಸೆಲ್ಮ್ ಒಬ್ಬನೇ ಮೂರು ಗಂಟೆ ಬಗ್ಗಿ, ಎದ್ದು, ಏಣಿ ಹತ್ತಿ, ಇಳಿದು ಬಣ್ಣ ಹೊಡೆದ. ಹದಿನೆಂಟು ವರ್ಷದಲ್ಲಿ ಆ ತೋಟದಲ್ಲಿ ಅವನು ಅಷ್ಟು ಕೆಲಸ ಮಾಡಿದ್ದು ಅದೇ ಮೊದಲು. ಮುಗಿದ ಮೇಲೆ ನೋಡಿದರೆ ಬಾತುಗಳು ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು. ಫಿರ್ಮಿನ್ ಹೇಳಿದ ಅರ್ಧ ಗಂಟೆ ಕಳೆಯಿತು, ಇನ್ನೊಂದು ಅರ್ಧ ಗಂಟೆಯೂ ಕಳೆಯಿತು. ಬಣ್ಣ ಒಣಗಲಿಲ್ಲ.

ಒಂಬತ್ತೂವರೆಗೆ ಕೌಂಟೆಸ್ ಪ್ಯಾರಿಸಿನಿಂದ ಬಂದು ಮೇಲಿನ ಜಗಲಿಯಲ್ಲಿ ನಿಂತಳು. ತೋಟಕ್ಕಿಳಿದರೆ ಷೂಗೆ ಮಣ್ಣಾಗುತ್ತದೆಂದು ಅವಳು ಹನ್ನೊಂದು ವರ್ಷದಿಂದ ಜಗಲಿ ದಾಟಿದವಳಲ್ಲ.

"ಹಸಿರು ಸ್ವಲ್ಪ ಜಾಸ್ತಿ ಆಯ್ತಲ್ವಾ ಆನ್ಸೆಲ್ಮ್?"

"ಈ ವರ್ಷ ಗೊಬ್ಬರ ಚೆನ್ನಾಗಿತ್ತು ಮದಾಮ್."

"ಅದೇನು ಹಾಗೆ ವಾಸನೆ?"

"ಅದೇ ಗೊಬ್ಬರ ಮದಾಮ್."

ಹತ್ತಕ್ಕೆ ಗೇಟು ತೆರೆಯಿತು. ಮೊದಲು ನುಗ್ಗಿದವಳು ಸೊಲಾಂಜ್. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಊರಿನ ಪರಂಪರೆ ಉಳಿಸುವ ಸಂಘಕ್ಕೆ ಅಧ್ಯಕ್ಷೆಯಾದವಳು. ಕೆಲಸದಲ್ಲಿದ್ದಾಗ ಪರರ ಕಾಗದಗಳ ಮೇಲಿದ್ದ ಆಸಕ್ತಿಯನ್ನು ಈಗ ಪರರ ತೋಟಗಳ ಮೇಲೆ ಹರಿಸಿದ್ದಳು. ಅವಳ ಹಿಂದೆ ಸಂಘದ ಹದಿನೈದು ಹೆಂಗಸರಿದ್ದರು. ಎಲ್ಲರ ಕೈಚೀಲದಲ್ಲೂ ಉಗುರು ಕತ್ತರಿಸುವ ಕತ್ತರಿ, ಒದ್ದೆ ಬಟ್ಟೆ, ಪ್ಲಾಸ್ಟಿಕ್ ಚೀಲ. ತೋಟ ನೋಡಲು ಹೋಗುವ ನಮ್ಮ ಮರ್ಯಾದಸ್ಥ ಹೆಂಗಸರೆಲ್ಲ ಈ ಸಾಮಾನಿಲ್ಲದೆ ಮನೆ ಬಿಡುವುದಿಲ್ಲ. ಅರಮನೆಯ ಬೆಳ್ಳಿ ಚಮಚ ಮುಟ್ಟಿದರೆ ಕಳ್ಳತನ, ಅರಮನೆಯ ಗಿಡದ ಕಡ್ಡಿ ಮುರಿದುಕೊಂಡರೆ ಸಸ್ಯಪ್ರೇಮ.

ಬಾತುಗಳನ್ನು ಕಂಡ ಸೊಲಾಂಜ್ ನಿಂತಲ್ಲೇ ನಿಂತಳು. "ನನ್ನ ಮನೆ ಬಾಕ್ಸ್‌ವುಡ್ ಪೂರ್ತಿ ಸತ್ತು ಹೋಯ್ತು, ಮೇಯರ್ ಮನೇದೂ ಸತ್ತು ಹೋಯ್ತು. ಇದು ಹೇಗಪ್ಪ ಉಳೀತು?"

"ನಮ್ಮದು ಬೇರೆ ಥರ ಅಮ್ಮ," ಎಂದುಬಿಟ್ಟ ಆನ್ಸೆಲ್ಮ್. ಆಡಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

"ಹುಳ ಮುಟ್ಟದ ಜಾತಿ ಅಂತೆ ಕಣ್ರೇ!" ಎಂದು ಸೊಲಾಂಜ್ ಹಿಂದಿನವರಿಗೆ ಪಿಸುಗುಟ್ಟಿದಳು. ಅವಳ ಪಿಸುಮಾತು ಗೇಟಿನವರೆಗೂ ಕೇಳಿಸಿತು. ಮೊದಲ ಬಾತಿನ ಬಾಲದ ಕಡೆಯಿಂದ ಕಿಚ್ ಎಂದು ಕತ್ತರಿಯ ಸದ್ದು ಬಂತು. ಆಮೇಲೆ ಎಲ್ಲ ಕಡೆಯಿಂದಲೂ ಬಂತು.

"ಮುಟ್ಟಬೇಡಿ! ದಮ್ಮಯ್ಯ ಮುಟ್ಟಬೇಡಿ!" ಎಂದು ಆನ್ಸೆಲ್ಮ್ ಓಡಾಡಿದ. ಅವನು ಬೇಡ ಬೇಡವೆಂದಷ್ಟೂ ಜನರಿಗೆ ಆ ಗಿಡದ ಮೇಲೆ ಗೌರವ ಹೆಚ್ಚಿತು. ಸುತ್ತ ಹಗ್ಗ ಕಟ್ಟಿದ. ಹಗ್ಗ ಕಟ್ಟಿದ್ದಾರೆಂದರೆ ಒಳಗೆ ನೋಡುವಂಥದ್ದೇನೋ ಇದೆಯೆಂದು ಅಲ್ಲಿಯವರೆಗೆ ಅರಮನೆಯ ಒಳಗಿದ್ದವರೂ ಹೊರಗೆ ಬಂದರು. ಒಬ್ಬಾಕೆಯ ಬಿಳಿ ಪೂಡಲ್ ನಾಯಿ ಹಗ್ಗದಡಿ ನುಸುಳಿ ಎರಡನೆಯ ಬಾತಿಗೆ ಮೈಯುಜ್ಜಿ ಬಂತು. ಹೋಗುವಾಗ ಬೆಳ್ಳಗಿದ್ದದ್ದು ಬರುವಾಗ ಅರ್ಧ ಟ್ರ್ಯಾಕ್ಟರ್ ಆಗಿತ್ತು.

"ಅಯ್ಯೋ ನನ್ನ ಕಂದ! ಏನಾಯ್ತೋ ನಿಂಗೆ!" ಎಂದು ಆಕೆ ಕಿರುಚಿದಳು.

"ಎಲೆ ರಸ ಮದಾಮ್," ಎಂದ ಆನ್ಸೆಲ್ಮ್. "ಚರ್ಮಕ್ಕೆ ಬಹಳ ಒಳ್ಳೇದು."

ಆಕೆ ಒಂದು ಕ್ಷಣ ಯೋಚಿಸಿ, ತಾನೂ ಒಂದಿಷ್ಟು ಎಲೆ ಕಿತ್ತು ಕೆನ್ನೆಗೆ ಉಜ್ಜಿಕೊಂಡಳು. ಆನ್ಸೆಲ್ಮ್ ಮುಖ ತಿರುಗಿಸಿಕೊಂಡ.

ಮೂರಕ್ಕೆ ಬರಬೇಕಾದ ಸಮಿತಿ ಊಟದ ಹೊತ್ತಿಗೇ ಬಂದು, ಕೌಂಟೆಸಳ ಊಟದ ಮೇಜನ್ನು ಎರಡು ಗಂಟೆ ಪರಿಶೀಲಿಸಿ, ನಾಲ್ಕನೆಯ ಬಾಟಲಿ ಖಾಲಿಯಾದ ಮೇಲೆ ತೋಟಕ್ಕಿಳಿಯಿತು. ಅಧ್ಯಕ್ಷ ಮಸ್ಯೂ ಗೊಂತ್ರಾನ್ ಮುಂದೆ, ತಲೆದೂಗುವುದಕ್ಕೆಂದೇ ನೇಮಕವಾದ ಇಬ್ಬರು ಸದಸ್ಯರು ಹಿಂದೆ. ಫಲಕದ ವಿಚಾರವಾದ್ದರಿಂದ ಕೌಂಟೆಸಳೂ ಷೂ ಲೆಕ್ಕಿಸದೆ ಇಳಿದಳು. ಬಾತುಗಳ ಎದುರು ನಿಂತ ಗೊಂತ್ರಾನ್ ಮೂಗರಳಿಸಿ ವಾಸನೆ ನೋಡಿದ. ಆಮೇಲೆ ಸಂಘದ ಹೆಂಗಸರ ಕಡೆ ನೋಡಿದ. ಹದಿನಾರು ಜನರೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಕೈ ತೋರಿಸಿ."

ಮೂವತ್ತೆರಡು ಅಂಗೈ ಮುಂದೆ ಬಂದವು. ಎಲ್ಲವೂ ಹಸಿರು.

"ತೋಟಗಾರ ಯಾರು? ನೀನಾ?" ಗೊಂತ್ರಾನ್ ಆನ್ಸೆಲ್ಮನ ಕಡೆ ತಿರುಗಿದ. "ಈ ಕಣಿವೆಯಲ್ಲಿ ನಲವತ್ತು ಅರಮನೆ ನೋಡಿ ಬಂದಿದ್ದೀನಿ. ಎಲ್ಲ ಕಡೆ ಬಾಕ್ಸ್‌ವುಡ್ ಸತ್ತಿದೆ. ನಿನ್ನದು ಮಾತ್ರ ಹೊಳೀತಾ ಇದೆ. ಮುಟ್ಟಿದರೆ ಕೈಗೆ ಅಂಟುತ್ತೆ, ಮೂಗಿಗೆ ಹೊಡೆಯುತ್ತೆ. ನಿಷೇಧ ಮಾಡಿರೋ ವಿಷ ಹೊಡೆದಿದ್ದೀಯಲ್ಲವಾ? ಇದು ಪೊಲೀಸರಿಗೆ ಹೋಗೋ ವಿಷಯ."

"ವಿಷಾನಾ! ನಾನು ಬೆರಳು ನೆಕ್ಕಿ ಬಿಟ್ಟೆ!" ಎಂದು ಸೊಲಾಂಜ್ ಚೀರಿದಳು. ಹದಿನಾರು ಕೈಚೀಲಗಳಿಂದ ಕಡ್ಡಿಗಳು ನೆಲಕ್ಕೆ ಸುರಿದವು. ಕೆನ್ನೆಗೆ ಉಜ್ಜಿಕೊಂಡಿದ್ದಾಕೆ ನಾಯಿಯೊಡನೆ ಕಾರಂಜಿಯ ಕಡೆಗೆ ಓಡಿದಳು.

ಆನ್ಸೆಲ್ಮ್ ಕಾಪಾಡಿ ಎಂಬಂತೆ ಒಡತಿಯ ಮುಖ ನೋಡಿದ.

"ನಾನು ಪ್ಯಾರಿಸಿನಲ್ಲಿರೋಳು ಮಸ್ಯೂ," ಎಂದಳು ಕೌಂಟೆಸ್. "ಈ ಮನುಷ್ಯನ ಪರಿಚಯ ನನಗೆ ಅಷ್ಟಾಗಿ ಇಲ್ಲ."

ಜೈಲಿನ ಕಂಬಿ ಆನ್ಸೆಲ್ಮನ ಕಣ್ಣ ಮುಂದೆ ಬಂತು. ಬಾತಿನ ರೆಕ್ಕೆಯೊಂದನ್ನು ಹಿಡಿದು ಲಟಕ್ಕೆಂದು ಮುರಿದ. ಒಳಗೆ ಒಣ ಸೌದೆ.

"ನೋಡಿ ಮಸ್ಯೂ, ವಿಷ ಅಲ್ಲ! ಇದೂ ಸತ್ತಿದೆ, ದೇವರಾಣೆ ಸತ್ತಿದೆ! ಬರೀ ಬಣ್ಣ!"

"ಬಣ್ಣ?" ಗೊಂತ್ರಾನನ ಹುಬ್ಬು ಮೇಲೆ ಹೋಯಿತು. "ಸಮಿತಿಗೆ ಮೋಸ ಮಾಡೋಕೆ ಬಣ್ಣ ಬಳಿದಿರಾ? ಯಾರು ಬಳಿದದ್ದು?"

ಆಗಷ್ಟೇ ನಿದ್ದೆಯಿಂದೆದ್ದ ಫಿರ್ಮಿನ್ ಬ್ರೆಡ್ಡಿನೊಳಗೆ ಸಾಸೇಜ್ ಇಟ್ಟುಕೊಂಡು ತಿನ್ನುತ್ತ, ಗದ್ದಲವೇನೆಂದು ನೋಡಲು ಬಂದಿದ್ದ. ಆನ್ಸೆಲ್ಮ್ ಅವನತ್ತ ಕೈ ಚಾಚಿದ.

"ಅವನು! ಬಣ್ಣ ಅವನದು, ಯಂತ್ರ ಅವನದು, ಉಪಾಯ ಅವನದು, ಹೊಡೆದದ್ದೂ ಅವನೇ! ಬೇಡ ಕಣೋ ಅಂತ ಕೈ ಮುಗಿದೆ, ಕೇಳಲಿಲ್ಲ."

"ಲೋ, ಏನೋ ಬೊಗಳ್ತೀಯಾ?" ಫಿರ್ಮಿನನ ಬಾಯಿಂದ ಬ್ರೆಡ್ಡಿನ ಚೂರು ಬಿತ್ತು. "ನಾನು ಮಲಗಿದ್ದೆ ಮಸ್ಯೂ! ಬೆಳಗಿನಿಂದ ಒಬ್ಬನೇ ಹೊಡೆದಿದ್ದು ಇವನೇ!"

"ನಮ್ಮಮ್ಮನ ಸಮಾಧಿ ಮೇಲಾಣೆ!" ಎಂದ ಆನ್ಸೆಲ್ಮ್. "ನಾನು ಒಂದು ತೊಟ್ಟೂ ಬಣ್ಣ ಹಾಕಿಲ್ಲ. ಎಲ್ಲರೂ ಕೇಳಿಸ್ಕೊಳ್ಳಿ, ಇದರಲ್ಲಿ ನನ್ನದೇನೂ ಇಲ್ಲ!"

ಎಲ್ಲರೂ ಕೇಳಿಸಿಕೊಂಡರು. ಗೊಂತ್ರಾನ್ ಮಾತ್ರ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನು ಮುರಿದ ರೆಕ್ಕೆಯ ಮುಂದೆ ಮೊಣಕಾಲೂರಿ ಕುಳಿತಿದ್ದ. ಇಪ್ಪತ್ತೆರಡು ವರ್ಷದಿಂದ ಈ ಮಹಾಶಯ ನವಿಲು, ಬಾತು, ಹೃದಯ, ಕಿರೀಟಗಳನ್ನು ನೋಡಿ ನೋಡಿ ಬೇಸತ್ತಿದ್ದ. ಹೋದ ತಿಂಗಳಷ್ಟೇ ಪ್ಯಾರಿಸಿನ ಕಲಾಪ್ರದರ್ಶನವೊಂದರಲ್ಲಿ ಹರಿದ ಮೆಟ್ಟಿನ ರಾಶಿಯೊಂದರ ಮುಂದೆ ನಿಂತು ಕಣ್ಣೊರೆಸಿಕೊಂಡು ಬಂದಿದ್ದ. ಕುಡಿದ ನಾಲ್ಕು ಬಾಟಲಿಗಳೂ ಈಗ ಕೆಲಸ ಮಾಡುತ್ತಿದ್ದವು.

"ಯಾವ ಬಣ್ಣ ಇದು?" ಎಂದು ಮೆಲ್ಲಗೆ ಕೇಳಿದ.

"ಟ್ರ್ಯಾಕ್ಟರಿಂದು," ಎಂದ ಫಿರ್ಮಿನ್, ಹೆದರುತ್ತ.

"ಟ್ರ್ಯಾಕ್ಟರಿಂದು!" ಗೊಂತ್ರಾನ್ ಎದ್ದು ನಿಂತ. "ಪ್ರಕೃತಿಯನ್ನು ಕೊಂದದ್ದು ಯಂತ್ರ. ಈಗ ಅದೇ ಯಂತ್ರ ಅವಳ ಹೆಣಕ್ಕೆ ಶೃಂಗಾರ ಮಾಡ್ತಾ ಇದೆ! ನೋಡೋಕೆ ಬಂದವರ ಕೈಗೂ ಆ ಪಾಪ ಅಂಟಿಕೊಳ್ತಾ ಇದೆ! ಮಹಾಶಯರೇ, ಇದು ತೋಟ ಅಲ್ಲ, ಕಲೆ!"

ಸದಸ್ಯರಿಬ್ಬರೂ ತಲೆದೂಗಿದರು. ಸೊಲಾಂಜ್ ತನ್ನ ಅಂಗೈಯನ್ನು ಹೊಸದಾಗಿ ನೋಡಿಕೊಂಡು, "ನನಗೆ ಬೆಳಗ್ಗೇನೇ ಅನ್ನಿಸಿತ್ತು" ಎಂದಳು. ಇದು ಬರೀ ಹಿತ್ತಾಳೆ ಫಲಕದ ಮಾತಲ್ಲ, ಪ್ರಾಂತ್ಯದ ಮೊದಲ ಬಹುಮಾನಕ್ಕೇ ಶಿಫಾರಸು ಮಾಡುತ್ತೇನೆ ಎಂದು ಗೊಂತ್ರಾನ್ ಘೋಷಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಕಲಾವಿದರು ಮುಂದೆ ಬರಬೇಕು."

"ನಾನೇ ಮಸ್ಯೂ!" ಎಂದು ಆನ್ಸೆಲ್ಮ್ ಜಿಗಿದು ಬಂದ. "ಮೂರು ಗಂಟೆ, ಒಬ್ಬನೇ, ಏಣಿ ಹತ್ತಿ..."

"ಛೀ," ಎಂದ ಗೊಂತ್ರಾನ್. "ಈಗ ತಾನೇ ಹೆತ್ತ ತಾಯಿಯ ಸಮಾಧಿ ಮೇಲೆ ಆಣೆ ಇಟ್ಟೆಯಲ್ಲಯ್ಯ."

"ಇಟ್ಟ, ಇಟ್ಟ," ಎಂದಳು ಸೊಲಾಂಜ್. "ಹದಿನಾರು ಜನ ಸಾಕ್ಷಿ ಇದ್ದೀವಿ. ಬೇರೆಯವರ ಕೀರ್ತಿಗೆ ಬಾಯಿ ಹಾಕೋಕೆ ನಾಚಿಕೆ ಆಗಲ್ವೇನೋ ನಿಂಗೆ?"

ಫಿರ್ಮಿನ್ ಕೊನೆಯ ತುತ್ತು ನುಂಗಿ, ಬಾಯೊರೆಸಿಕೊಂಡು, ಎರಡು ಹೆಜ್ಜೆ ಮುಂದೆ ಬಂದು ತಲೆಬಾಗಿದ. "ನಾನೇ ಮಸ್ಯೂ. ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಕೊರೀತಾ ಇತ್ತು. ಹೊಗಳಿಕೆ ಆಗಲ್ಲ ನೋಡಿ ನನಗೆ, ಅದಕ್ಕೇ ಮಲಗಿದ್ದೆ ಅಂದೆ."

ಕೌಂಟೆಸ್ ಅವನ ಎಣ್ಣೆ ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸತ್ತ ಗಿಡಕ್ಕೆ ನೀರು ಬೇಡ, ಗೊಬ್ಬರ ಬೇಡ, ಕತ್ತರಿ ಬೇಡ, ಹಾಗಾದರೆ ತೋಟಗಾರ ಯಾಕೆ ಬೇಕು ಎಂಬುದು ಅವಳಿಗೆ ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಲಾವಿದರು ತಮ್ಮ ಕೃತಿಯ ಪಕ್ಕದಲ್ಲೇ ವಾಸ ಮಾಡುವುದು ಚೆಂದವೆಂದು ಗೊಂತ್ರಾನ್ ಸಲಹೆ ಕೊಟ್ಟ. ಕೌಂಟೆಸ್ ಅಲ್ಲೇ ಒಪ್ಪಿದಳು. ಆನ್ಸೆಲ್ಮನಿಗೆ ಬುಧವಾರದವರೆಗೆ ಗಡುವು ಸಿಕ್ಕಿತು.

ಜನ ಫಿರ್ಮಿನನ ಜೊತೆ ಫೋಟೋ ತೆಗೆಸಿಕೊಂಡು ಕರಗಿದರು. ಆನ್ಸೆಲ್ಮ್ ಮುರಿದ ರೆಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡು ತನ್ನ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಫಿರ್ಮಿನ್ ಬಂದು ಪಕ್ಕದಲ್ಲಿ ಕುಳಿತು, ಅವನ ಬೆನ್ನು ಸವರಿದ.

"ಬೇಜಾರು ಮಾಡ್ಕೋಬೇಡ ಮಾರಾಯ," ಎಂದ. ಆಮೇಲೆ ತಲೆಯೆತ್ತಿ ಕಿಟಕಿಗಳ ಕಡೆ ನೋಡುತ್ತ ಕೇಳಿದ, "ಮಲಗೋ ಕೋಣೆಗೆ ಬೆಳಗ್ಗೆ ಬಿಸಿಲು ಬರುತ್ತಾ?"

ಸುಳ್ಳು ಹೇಳುವುದಕ್ಕೂ ಆನ್ಸೆಲ್ಮನಿಗೆ ಅಂದು ಮೊದಲ ಸಲ ಆಲಸ್ಯವಾಯಿತು.

"ಬರುತ್ತೆ," ಎಂದ.