ಮಾವನ ಕಾರಿಗೆ ತೆಳ್ಳನೆಯ ಎಣ್ಣೆ

ಕಾರಿನ ಹೊಟ್ಟೆಯಡಿಯ ಬೋಲ್ಟು ಬಿಚ್ಚಿದವನು ಭೀಮೇಶನಲ್ಲ, ಎದುರು ಮನೆಯ ಅಮರಗುಂಡಪ್ಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಮಸ್ಕಿಯ ಆ ಓಣಿಯಲ್ಲಿ ಯಾರೂ ಇದನ್ನು ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಭೀಮೇಶ ಕಾರಿನ ಕೈಪಿಡಿ ಹಿಡಿದುಕೊಂಡು, ಇಂಜಿನ್ ಎಣ್ಣೆ ಬದಲಿಸಬೇಕು ಎಂದು ಹೆಂಡತಿ ಭಾರತಿಗೆ ಹೇಳುತ್ತಿದ್ದ, ಅಷ್ಟೇ. ಅಷ್ಟರಲ್ಲಿ ಅಮರಗುಂಡಪ್ಪ ಟ್ರ್ಯಾಕ್ಟರಿನ ಪಾನಾ ತಂದು ಕಾರಿನಡಿ ತೂರಿಕೊಂಡಾಗಿತ್ತು.

"ತಡೀರಿ ಕಾಕಾ, ಹೊಸಾ ಎಣ್ಣಿ ಇನ್ನಾ ತಂದಿಲ್ಲ!"

"ಹಳೇದು ಹೋಗದ ಹೊಸಾದು ಹೆಂಗ ಬರತೈತೋ?" ಎಂದು ಕಾರಿನಡಿಯಿಂದ ವೇದಾಂತ ಬಂತು. ಅದರ ಹಿಂದೆಯೇ ಕರಿ ಎಣ್ಣೆಯೂ ಬಂತು.

ಕಾರು ಭೀಮೇಶನದಲ್ಲ. ಲಿಂಗಸುಗೂರಿನಲ್ಲಿರುವ ಮಾವ ಲಾಲಪ್ಪನವರದು. ಬ್ಯಾಂಕಿನಿಂದ ನಿವೃತ್ತರಾದ ಲಾಲಪ್ಪನವರಿಗೆ ಕಣ್ಣು ಮಂಜಾಗಿ, ಒಮ್ಮೆ ಎಮ್ಮೆಗೆ ಹಾರ್ನ್ ಹೊಡೆಯುವ ಬದಲು ಪೊಲೀಸ್ ಜೀಪಿಗೆ ಹಾರ್ನ್ ಹೊಡೆದ ಮೇಲೆ, ಕಾರನ್ನು ಅಳಿಯಂದಿರಲ್ಲಿ ಒಬ್ಬರಿಗೆ ಕೊಟ್ಟುಬಿಡುವ ಮನಸ್ಸಾಗಿತ್ತು. "ಒಂದೊಂದು ತಿಂಗಳು ಇಟ್ಕೋರಿ. ಗಾಡಿ ಜ್ವಾಕಿ ಯಾರು ಹೆಂಗ ಮಾಡ್ತೀರಿ ನೋಡಿ ತೀರ್ಮಾನ ಮಾಡ್ತೀನಿ" ಎಂದಿದ್ದರು.

ಮೊದಲ ತಿಂಗಳು ಒಯ್ದವನು ತುರ್ವಿಹಾಳದ ಸಣ್ಣ ಅಳಿಯ ದುರುಗೇಶ. ಅವನು ಹಿಂದಿನ ಸೀಟಿನಲ್ಲಿ ಭತ್ತದ ಚೀಲ ಹೇರಿದ, ಕೋಳಿ ಸಾಗಿಸಿದ. ಕಾರು ವಾಪಸು ಬಂದಾಗ ಸೀಟಿನಡಿ ಒಂದು ಮೊಟ್ಟೆ ಸಿಕ್ಕಿತು. ಹೀಗಾಗಿ ಭೀಮೇಶನಿಗೆ ಗೆಲುವು ಕೈಗೆ ಬಂದಷ್ಟೇ ಖುಷಿ. ಮಳೆಯಲ್ಲಿ ಎರಡು ಮಕ್ಕಳನ್ನು ನಡುವೆ ಅಮುಕಿಕೊಂಡು ಬೈಕಿನಲ್ಲಿ ಹೋಗಿ ಬೇಸತ್ತ ಭಾರತಿ, ಕಾರಿನಲ್ಲಿ ಮೊದಲು ಗುರುಗುಂಟಾದ ಗುಡಿಗೆ ಹೋಗುವುದೆಂದು ಓಣಿಗೆಲ್ಲ ಸಾರಿಯೂ ಆಗಿತ್ತು. ಅವತ್ತು ಸಂಜೆಯ ಬಸ್ಸಿಗೆ ಮಾವ ಬಂದು ತೀರ್ಪು ಹೇಳುವವರಿದ್ದರು.

"ಹಳೇ ಎಣ್ಣಿನ ವಾಪಸ್ ಹಾಕಿ, ಗಾಡಿ ಒಯ್ದು ಹೊಸಾದು ಹಾಕಿಸಿಕೊಂಡು ಬರ್ತೀನಿ" ಎಂದು ಭೀಮೇಶ ತಿರುಗಿ ನೋಡಿದರೆ ಎಣ್ಣೆ ಹಿಡಿದಿದ್ದ ಬೋಗುಣಿಯೇ ಇರಲಿಲ್ಲ. ಗಾಡಿಯಿಂದ ಇಳಿಸಿದ ಎಣ್ಣೆ ಎಂದರೆ ನಮ್ಮ ಕಡೆ ಜಾತ್ರೆಯ ಪ್ರಸಾದದಂತೆ, ಕೇಳಿ ಒಯ್ಯುವ ಪದ್ಧತಿ ಇಲ್ಲ. ಪಕ್ಕದ ಮನೆಯ ಹೊನ್ನೂರಮ್ಮ ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತಬಾರದೆಂದು ಅದನ್ನು ಆಗಲೇ ಬಳಿಯತೊಡಗಿದ್ದಳು.

"ಚಿಂತಿ ಯಾಕ?" ಎಂದ ಅಮರಗುಂಡಪ್ಪ, ಕಾರಿನಡಿಯಿಂದ ಹೊರಬಂದು. "ನಮ್ಮ ಟ್ರ್ಯಾಕ್ಟರ್ ಎಣ್ಣಿ ಐತಲ್ಲ, ಜೇನುತುಪ್ಪ ಇದ್ದಂಗ ಐತಿ. ಸುರುವಿದ್ರ ಮುಗೀತು."

"ಬ್ಯಾಡ್ರೀ! ಇದಕ್ಕ ಝೀರೋ ಡಬ್ಲ್ಯೂ ಟ್ವೆಂಟಿನ ಆಗಬೇಕು. ಪೂರಾ ಸಿಂಥೆಟಿಕ್ಕು."

"ಝೀರೋ? ಸೊನ್ನಿ ಮಾರ್ಕಿನ ಎಣ್ಣಿ ಹಾಕ್ತೀಯೇನೋ ಮಾವನ ಗಾಡಿಗೆ?"

"ಡಬ್ಲ್ಯೂ ಅಂದ್ರ ಚಳಿಗಾಲ ಕಾಕಾ. ತಣ್ಣಗಿದ್ದಾಗ ಎಣ್ಣಿ ಎಷ್ಟು ಸಲೀಸಾಗಿ ಹರೀತೈತಿ ಅನ್ನೋದಕ್ಕ ಆ ಸೊನ್ನಿ. ಇಂಜಿನ್ ಕಾದ ಮ್ಯಾಲ ಎಷ್ಟು ಗಟ್ಟಿ ಇರತೈತಿ ಅನ್ನೋದಕ್ಕ ಇಪ್ಪತ್ತು."

ಅಮರಗುಂಡಪ್ಪ ಆಕಾಶ ನೋಡಿದ. ಬೆಳಗಿನ ತಿಂಡಿಯ ಹೊತ್ತಿಗೇ ಬಿಸಿಲು ನೆತ್ತಿ ಸುಡುತ್ತಿತ್ತು. "ಮಸ್ಕಿಯಾಗ ಚಳಿಗಾಲ ಯಾವಾಗ ಬಂದು ಹೋತಪಾ? ನನಗ ಯಾರೂ ಹೇಳಲೇ ಇಲ್ಲ" ಎಂದ. ಓಣಿ ಗೊಳ್ಳೆಂದು ನಕ್ಕಿತು.

ಮಸ್ಕಿಯ ಅಂಗಡಿಗಳಲ್ಲಿ ಆ ಎಣ್ಣೆ ಇರಲಿಲ್ಲ. ಭೀಮೇಶ ಸಿಂಧನೂರಿನ ಬಸ್ಸು ಹತ್ತಿ, ನಿಂತೇ ಹೋಗಿ, ಶಾಮೀದಸಾಬನ ಬಿಡಿಭಾಗದ ಅಂಗಡಿಗೆ ತಲುಪಿದ. ಗಿರಾಕಿ ಕೇಳಿದ್ದನ್ನು ಕೊಡುವುದು ಶಾಮೀದಸಾಬನ ಸ್ವಭಾವವೇ ಅಲ್ಲ. ಗಿರಾಕಿಗೆ ಏನು ಬೇಕೆಂಬುದು ಗಿರಾಕಿಗಿಂತ ತನಗೇ ಹೆಚ್ಚು ಗೊತ್ತು ಎಂಬುದು ಅವನ ನಂಬಿಕೆ.

"ಅದು ನೀರಿದ್ದಂಗ ಇರತೈತ್ರೀ ಸರ, ನಮ್ಮ ಬಿಸಿಲಿಗಿ ಆವಿಯಾಗಿ ಹೋಗತೈತಿ. ಟ್ವೆಂಟಿ ಡಬ್ಲ್ಯೂ ಫಿಫ್ಟಿ ಒಯ್ರಿ. ನಮ್ಮ ಅಬ್ಬಾಜಾನ್ ಜೀಪಿಗೆ ಅದನ್ನ ಹಾಕ್ತಿದ್ರು."

"ಜೀಪು ಈಗ ಎಲ್ಲೈತ್ರೀ?"

"ಗುಜರಿಗೆ ಹೋತು. ಅದು ಬ್ಯಾರೇ ಮಾತು."

ಭೀಮೇಶ ಕೈಪಿಡಿ ತೆಗೆದು ತೋರಿಸಿದ. ಗ್ರೇಡು ಸರಿಯಿದ್ದರೆ ಸಾಲದು, ಡಬ್ಬಿಯ ಮೇಲೆ ಕಾರು ಕಂಪನಿಯ ಒಪ್ಪಿಗೆಯ ನಂಬರು ಇರಬೇಕಿತ್ತು. ಶಾಮೀದಸಾಬ ಗೊಣಗುತ್ತ ಒಂದು ಡಬ್ಬಿ ಇಳಿಸಿದ. ಅದರ ಮೇಲೆ ನಂಬರೇನೋ ಇತ್ತು, ಆದರೆ ಪಕ್ಕದಲ್ಲಿ 'ಇಂಥ ಗಾಡಿಗಳಿಗೆ ಹೊಂದುತ್ತದೆ' ಎಂದಷ್ಟೇ ಬರೆದಿತ್ತು.

"ಇದು ನಡಿಯಂಗಿಲ್ಲ" ಎಂದ ಭೀಮೇಶ. "ಹೊಂದತೈತಿ ಅಂತ ಹೇಳಿದಾವ ಎಣ್ಣಿ ಮಾರಾವ. ಒಪ್ಪಿಗಿ ಕೊಡಬೇಕಾದಾವ ಕಾರು ಮಾಡಿದಾವ. ಗಂಡಿನ ಕಡೆಯವರು ಹೆಣ್ಣು ಪಸಂದ್ ಐತಿ ಅಂದ್ಬಿಟ್ರ ಲಗ್ನ ಆತೇನ್ರೀ? ಹೆಣ್ಣಿನ ಕಡೆಯವರು ಹೂಂ ಅನ್ನಬ್ಯಾಡೇನು?"

ಅಂಗಡಿಯಲ್ಲಿ ಕೂತವರೆಲ್ಲ "ಖರೇ ಐತಿ" ಎಂದರು. ಗಿರಾಕಿಗಳೇ ಎದುರುಬಿದ್ದ ಮೇಲೆ ಶಾಮೀದಸಾಬ ಅಟ್ಟ ಹತ್ತಿ, ಟೈರುಗಳ ಹಿಂದಿನಿಂದ ಧೂಳು ಹಿಡಿದ ಇನ್ನೊಂದು ಡಬ್ಬಿ ಎಳೆದು ತಂದ. ಗ್ರೇಡು ಅದೇ, ನಂಬರು ಅದೇ, ಒಪ್ಪಿಗೆಯೂ ಸ್ಪಷ್ಟ. ಭೀಮೇಶ ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದ. ಎಳೆಕೂಸು ಎಂದುಕೊಂಡು ಮಬ್ಬುಗಣ್ಣಿನ ಮುದುಕಿಯೊಬ್ಬಳು ಎದ್ದು ಸೀಟು ಬಿಟ್ಟುಕೊಟ್ಟಳು. ಇವನು ನಾಚಿಕೆಯಿಲ್ಲದೆ ಕೂತ.

ಮನೆ ಮುಟ್ಟಿದಾಗ ಅಮರಗುಂಡಪ್ಪ ಬಾನೆಟ್ ಎತ್ತಿ ಟ್ರ್ಯಾಕ್ಟರ್ ಎಣ್ಣೆಯ ಡಬ್ಬಿ ಬಗ್ಗಿಸುತ್ತಿದ್ದ. "ನಿಮ್ಮ ಮಾವ ಬರೋ ಹೊತ್ತಾತು, ಪಾಪ ಅಂತ ನಾನ ಹಾಕಾಕತ್ತೀನಿ" ಎಂದ. ಭೀಮೇಶ ಹಾರಿ ಅಡ್ಡ ನಿಂತ. ಇಂಜಿನ್ನಿಗೆ ಬೀಳಬೇಕಾದದ್ದು ಅವನ ಬಿಳಿ ಅಂಗಿಗೆ ಬಿತ್ತು. ಅದನ್ನು ಒರೆಸಿಕೊಳ್ಳದೆ ತನ್ನ ಡಬ್ಬಿಯ ಮುಚ್ಚಳ ತೆಗೆದ, ಬಗ್ಗಿಸಲು ಹೋಗಿ ತಟ್ಟನೆ ಕೈ ತಡೆದ.

"ಕಾಕಾ, ಕೆಳಗಿನ ಬೋಲ್ಟು ಎಲ್ಲಿ?"

"ಎಣ್ಣಿ ಜೋಡಿನ ಬಿತ್ತಲ್ಲ" ಎಂದ ಅಮರಗುಂಡಪ್ಪ ಆರಾಮಾಗಿ.

ಹೊನ್ನೂರಮ್ಮನ ಮನೆಗೆ ಓಡಿದರೆ ಬಾಗಿಲು, ಕಿಟಕಿ, ಹಿತ್ತಿಲ ಗೂಟ ಎಲ್ಲವೂ ಕರ್ರಗೆ ಮಿನುಗುತ್ತಿದ್ದವು. ಭೀಮೇಶ ಬೋಗುಣಿಯಲ್ಲಿ ಉಳಿದಿದ್ದ ಎಣ್ಣೆಗೆ ಕೈ ಇಳಿಸಿ, ತಳ ಕೆರೆದು ಬೋಲ್ಟು ಹಿಡಿದ. ಅದನ್ನು ಒರೆಸಿ ತಿರುಗಿಸಿ, ಎಣ್ಣೆ ಅಳತೆಗೆ ಸರಿಯಾಗಿ ತುಂಬಿ ಬಾನೆಟ್ ಮುಚ್ಚುವುದಕ್ಕೂ ಮಾವ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಜೊತೆಗೆ ದುರುಗೇಶನೂ ಇದ್ದ, ಇಸ್ತ್ರಿ ಮುರಿಯದ ಅಂಗಿಯಲ್ಲಿ.

"ಏನೋ ಇದು ಅವತಾರ, ಭೀಮೇಶಪ್ಪ?"

ಭೀಮೇಶ ಎಲ್ಲವನ್ನೂ ಒಪ್ಪಿಸಿದ. ಸೊನ್ನೆ, ಇಪ್ಪತ್ತು, ಒಪ್ಪಿಗೆಯ ನಂಬರು, ಅಟ್ಟದ ಡಬ್ಬಿ, ಬೋಲ್ಟು. ಲಾಲಪ್ಪನವರು ಅಳತೆಕಡ್ಡಿ ಎಳೆಸಿದರು, ಕಣ್ಣ ಹತ್ತಿರ ಹಿಡಿದು ನೋಡಿದರು. ಹೊಸ ಎಣ್ಣೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಅವರ ಕಣ್ಣಲ್ಲಿ ನೀರೇ ಬಂತು. ಭಾರತಿ ತಂದೆಗೆ ಕೊಡುವ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

"ನಲವತ್ತು ವರ್ಷದಾಗ ಗಾಡಿ ಜ್ವಾಕಿ ಹಿಂಗ ಮಾಡಿದಾವನ್ನ ನಾ ನೋಡಿಲ್ಲ" ಎಂದರು ಲಾಲಪ್ಪನವರು. "ತೀರ್ಮಾನ ಆತು. ದುರುಗೇಶ, ತಗೋ ಚಾವಿ."

ಭಾರತಿ ಚಹಾದ ಬಸಿ ಹಿಂದಕ್ಕೆಳೆದುಕೊಂಡಳು. "ಅಪ್ಪಾ, ಅವನ ಸೀಟಿನಾಗ ಕೋಳಿ ತತ್ತಿ ಇಟ್ಟಿತ್ತು!"

"ಅದಕ್ಕನ ಹೇಳಾಕತ್ತೀನಿ. ಇವಗ ಏನೂ ಗೊತ್ತಿಲ್ಲ. ನಾಳೆ ಯಾವದಾರ ಹಾಳ ಗಾಡಿ ಕಟ್ಟಿಗೊಂಡು ನನ್ನ ಸಣ್ಣ ಮಗಳನ್ನ ದಾರ್‍ಯಾಗ ಕೂಡಿಸ್ತಾನ. ನಿನ್ನ ಗಂಡ ಹಂಗಲ್ಲ, ಎಂಥಾ ಗಾಡಿ ತಗೊಂಡ್ರೂ ಓಡಿಸ್ತಾನ. ನಮ್ಮ ಬ್ಯಾಂಕಿನಾಗೂ ಇದ ಪದ್ಧತಿ ಇತ್ತವಾ. ಕೆಲಸ ಬಂದಾವಗ ಕೆಲಸ, ಬರದಾವಗ ಕುರ್ಚಿ. ಗಾಡಿ ದುರುಗೇಶ ಒಯ್ಲಿ, ಜ್ವಾಕಿ ಭೀಮೇಶ ಮಾಡ್ಲಿ."

ದುರುಗೇಶ ಅಣ್ಣನಂಥ ಷಡ್ಡಕನ ಕಾಲು ಮುಟ್ಟಿ ನಮಸ್ಕರಿಸಿದ. ಮಾವನನ್ನು ಮುಂದೆ ಕೂರಿಸಿಕೊಂಡು ಕಾರು ಶುರು ಮಾಡಿದ. ಇಂಜಿನ್ ಸದ್ದು ಇದೆಯೋ ಇಲ್ಲವೋ ಎನ್ನುವಷ್ಟು ನಯವಾಗಿತ್ತು.

"ನೋಡಿದಿ? ನಮ್ಮ ಟ್ರ್ಯಾಕ್ಟರ್ ಎಣ್ಣಿ ಹಾಕಿದ್ರ ಗಾಡಿ ಇಲ್ಲೇ ನಿಂತಿರತಿತ್ತು" ಎಂದ ಅಮರಗುಂಡಪ್ಪ. ಆ ದಿನ ಅವನು ಆಡಿದ್ದರಲ್ಲಿ ಸರಿಯಾದ ಮಾತು ಅದೊಂದೇ.

ಕಾರು ಓಣಿಯ ತಿರುವಿನವರೆಗೆ ಹೋಗಿ ನಿಂತಿತು. ಅಪ್ಪನ ಮನಸ್ಸು ಬದಲಾಯಿತೆಂದು ಭಾರತಿ ಗಂಡನನ್ನು ಮುಂದಕ್ಕೆ ತಳ್ಳಿದಳು. ಭೀಮೇಶ ಓಡಿ ಹೋದ. ದುರುಗೇಶ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಣ್ಣಾ, ಡಬ್ಬಿಯಾಗ ಉಳಿದಿದ್ದ ಎಣ್ಣಿ ಐತಲ್ಲ, ಅದನ್ನೂ ಕೊಟ್ಟುಬಿಡು. ನಮ್ಮ ಮನಿ ಬಾಗಲಕ್ಕ ಗೆದ್ದಲ ಹತ್ಯಾವ."