ಕಪ್ತಾನನನ್ನು ಬೈದು ಓಡಿಸಿದ ಹಾನುಸ್

ಸಮುದ್ರ ಕಾಯುವ ಕಪ್ತಾನನ ಮೇಲೆ ತೆಗೆದ ಸಾಕ್ಷ್ಯಚಿತ್ರವನ್ನು ಸಂಜೆ ಸಭಾಭವನದಲ್ಲಿ ತೋರಿಸುತ್ತಾರೆಂದು ಅಂಗಡಿಯ ಬಿಲ್ಲಾ ಬೆಳಿಗ್ಗೆಯೇ ಚೀಟಿ ಅಂಟಿಸಿದಳು. ಓದಿದ ಹಾನುಸನ ಮುಖ ದಡಕ್ಕೆ ಬಿದ್ದ ಮೀನಿನಂತಾಯಿತು.

ಹೋದ ಬೇಸಿಗೆಯಲ್ಲಿ ಈ ಕಪ್ತಾನ ನಮ್ಮ ಫೆರೋ ದ್ವೀಪಗಳಿಗೆ ಬಂದು, ತಿಮಿಂಗಿಲ ಕೊಂದು ತಿನ್ನುವ ನಾವು ರಾಕ್ಷಸರೆಂದು ಲೋಕಕ್ಕೆಲ್ಲ ಸಾರಿದ್ದ. ಹೊರಗೆ ಅವನನ್ನು ದೇವರೆನ್ನುವವರಿದ್ದಾರೆ, ಕಡಲ್ಗಳ್ಳನೆನ್ನುವವರೂ ಇದ್ದಾರೆ. ನಮ್ಮ ಸ್ಕಾರ್ವಿಕ್ ಊರಲ್ಲಿ ಎಲ್ಲರೂ ಎರಡನೆಯವರೇ. ಅವನನ್ನು ಒಬ್ಬನೇ ನಿಂತು ಬೈದು ಓಡಿಸಿದವನು ತಾನೆಂದು ಹಾನುಸ್ ವರ್ಷವಿಡೀ ಹೇಳಿಕೊಂಡು ತಿರುಗಿದ್ದ. ಅದೇ ಬಲದ ಮೇಲೆ, ಚಿತ್ರ ಮುಗಿದ ಕೂಡಲೇ ಅವನನ್ನು ತಿಮಿಂಗಿಲ ಬೇಟೆಯ ಮುಂದಾಳಾಗಿ ಆರಿಸುವುದಿತ್ತು.

ನಡೆದದ್ದೇ ಬೇರೆ. ಕಪ್ತಾನನ ರಬ್ಬರ್ ದೋಣಿ ಕೆಟ್ಟು ಬಂಡೆಯತ್ತ ತೇಲುತ್ತಿತ್ತು. ಬೈಯಲೆಂದೇ ಹೋದ ಹಾನುಸ್ ಹಗ್ಗ ಎಸೆದು ಅವನನ್ನು ಎಳೆದು ತಂದ. ಕಡಲಲ್ಲಿ ಸಿಕ್ಕಿಬಿದ್ದವನನ್ನು ಮೊದಲು ಎತ್ತುವುದು, ಜಗಳ ಆಮೇಲೆ. ಇದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಗಡಗಡ ನಡುಗುವವನನ್ನು ಬೈಯಲು ಬಾಯಿ ಬರದೆ ತನ್ನ ಕಾಫಿಯನ್ನೂ ಕುಡಿಸಿದ. ಕ್ಯಾಮೆರಾದವನು ಅಲ್ಲೇ ಇದ್ದ.

ಚಿತ್ರ ಬಹಳ ಬೇಜಾರಂತೆ ಎಂದು ಹಾನುಸ್ ಮನೆಮನೆಗೆ ಹೇಳಿಬಂದ. ಹಾಗಾದರೆ ನೋಡಲೇಬೇಕೆಂದು ಪಕ್ಕದ ದ್ವೀಪದ ನೆಂಟರೂ ಬಂದಿಳಿದರು. ಸಭಾಭವನದ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ತ್ರೊಂಡುರ್ ಮೇಷ್ಟ್ರು ಇಗರ್ಜಿಯ ಫ್ಯೂಸ್ ತಂದು ಹಾಕಿದರು. ಕೊನೆಗೆ ಹೊಟ್ಟೆನೋವೆಂದು ಮಲಗಿದವನನ್ನು, "ನಿನ್ನ ಸಾಹಸ ನೋಡೋಕೆ ನಿನಗೇ ನಾಚಿಕೆ ಏನೋ ಮಾರಾಯ" ಎನ್ನುತ್ತ ಅವರೇ ಎಳೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದರು.

ಪರದೆಯ ಮೇಲೆ ಕಪ್ತಾನ ಒಂದು ಗಂಟೆ ನಮ್ಮನ್ನು ಬೈದ. ಆಮೇಲೆ ಬಂತು ಆ ಹಗ್ಗ, ಆ ದೋಣಿ. ಎಳೆಯುವವನ ಬೆನ್ನು ಮಾತ್ರ ಕಾಣುತ್ತಿತ್ತು. ಹಾನುಸ್ ಕಣ್ಣು ಮುಚ್ಚಿಕೊಂಡ.

ಮೇಷ್ಟ್ರು ಎದ್ದು ನಿಂತರು. "ಅವನು ನಮ್ಮನ್ನ ಒಂದು ಗಂಟೆ ಬೈದ. ನಮ್ಮವನೊಬ್ಬ ಒಂದು ಹಗ್ಗ ಎಸೆದು ಉತ್ತರ ಕೊಟ್ಟ. ಮುಂದಾಳು ಅಂದ್ರೆ ಇವನಪ್ಪ."

ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಾನುಸ್ ಬೆಂಚಿನ ಮೇಲೆ ಹತ್ತಿದ. "ಅದು ನಾನೇ ಕಣ್ರಪ್ಪ."

"ನೀನು ಬೈದು ಓಡಿಸಿದವನಲ್ವೇನೋ?" ಎಂದು ಜನ ನಕ್ಕರು.

ನಮ್ಮ ಹೆಂಗಸರು ಗಂಡಸರನ್ನು ಮುಖದಿಂದ ಗುರುತಿಸುವುದಿಲ್ಲ, ಉಣ್ಣೆಯ ಹೆಣಿಗೆಯಿಂದ ಗುರುತಿಸುತ್ತಾರೆ. ಒಂದೊಂದು ಮನೆಯವಳದು ಒಂದೊಂದು ಕೈ. ಬಿಲ್ಲಾ ತೀರ್ಪು ಕೊಟ್ಟಳು: "ಆ ಸ್ವೆಟರ್ ನೋರ್ದಾಲಿನ ಸುಸನ್ನಾ ಹೆಣೆದದ್ದು. ಆ ವಿಧವೆ ಕೈ ನನಗೆ ಗೊತ್ತಿಲ್ವಾ? ಆಸಾಮಿ ಆ ಊರಿನವನೇ."

ಹಾನುಸನ ಹೆಂಡತಿ ಮಾರ್ಯುನ್ ಕೈಯ ಸೂಜಿ ಕೆಳಗಿಟ್ಟಳು. "ಸುಸನ್ನಾ ಹೆಣೆದದ್ದನ್ನ ನೀನ್ಯಾವಾಗ ಹಾಕ್ಕೊಂಡಿದ್ದೆ?" ಎಂದು ಬಹಳ ಮೆತ್ತಗೆ ಕೇಳಿದಳು.

ಹೆಂಡತಿ ಹೆಣೆದದ್ದು ಮೈ ಕೆರೆಯುತ್ತದೆಂದು ಸುಸನ್ನಾಳಿಂದ ಗುಟ್ಟಾಗಿ ಸ್ವೆಟರ್ ಕೊಂಡು ದೋಣಿಯಲ್ಲಿ ಬಚ್ಚಿಟ್ಟದ್ದನ್ನು ಇನ್ನೂರು ಜನರೆದುರು ಹೇಳುವ ಎದೆ ಯಾರಿಗಿದೆ? "ನಾನಲ್ಲ ಬಿಡಿ, ತಮಾಷೆ ಮಾಡ್ದೆ" ಎಂದು ಹಾನುಸ್ ಕುಸಿದು ಕೂತ.

ನೋರ್ದಾಲಿನ ಆ ವೀರನನ್ನು ಹುಡುಕಿ, ಒಣಗಿಸಿದ ಕುರಿತೊಡೆ ಕೊಟ್ಟು, ಮುಂದಾಳಾಗು ಎಂದು ಕೇಳುವುದೆಂದು ಸಭೆ ತೀರ್ಮಾನಿಸಿತು. ಒಯ್ಯುವ ಕೆಲಸ ಹಾನುಸನ ಪಾಲಿಗೆ ಬಂತು.

"ನಾನೂ ಬರ್ತೀನಿ," ಎಂದಳು ಮಾರ್ಯುನ್. "ಸುಸನ್ನಾ ಯಾರ್ಯಾರ ಅಳತೆಗೆ ಹೆಣಿತಾಳೆ ಅಂತ ಕೇಳ್ಕೊಂಡು ಬರೋಣ."